ಒಂದೇ ಬ್ಯಾಗು, ನಾಲ್ಕು ತಿಂಗಳು: ಕಿನ್ನೌರ್, ಸ್ಪಿತಿ, ಲಡಾಖ್ ಕಡೆ ಹೊರಡುವವರಿಗೆ

ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ, ಎಲ್ಲರೂ ಕೇಳುವುದು ಅದನ್ನೇ. ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿದಾಗ ವಾಪಸ್ ಬಂದ ಅಡ್ವಾನ್ಸ್‌ನಲ್ಲೇ ನಾನು ನಾಲ್ಕು ತಿಂಗಳು ತಿರುಗಿದ್ದು. 1 ಲಕ್ಷ 30 ಸಾವಿರ ಕೊಟ್ಟಿದ್ದೆ. ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಂಡರು, ಅದು ಮಾಮೂಲಿ. ಉಳಿದ 1 ಲಕ್ಷ 17 ಸಾವಿರದಲ್ಲಿ ತಿಂಗಳಿಗೆ ಸುಮಾರು 27 ಸಾವಿರ ಖರ್ಚಾಯಿತು. ಮಂಚ, ಫ್ರಿಜ್ಜು, ಗ್ಯಾಸ್ ಒಲೆ ಎಲ್ಲ ಶಿವಮೊಗ್ಗದ ಮನೆಯ ಹಿಂದಿನ ಕೋಣೆ ಸೇರಿದವು. ಬಾಡಿಗೆ ಕಟ್ಟುತ್ತಲೇ ತಿರುಗಾಟಕ್ಕೂ ಖರ್ಚು ಮಾಡಿದ್ದರೆ ಮೂರು ತಿಂಗಳೊಳಗೇ ಕೈ ಖಾಲಿಯಾಗುತ್ತಿತ್ತು. ದೀರ್ಘ ಪ್ರವಾಸ ಅಂದರೆ ಮನೆ ಬಿಟ್ಟೇ ಹೋಗಿ.

ಹೊರಟಿದ್ದು ಮೇ ಎರಡನೇ ವಾರ. ಬ್ಯಾಗು 60 ಲೀಟರಿನದು. ಹಿಂದಿನ ದಿನ ಬೀದಿಯ ರದ್ದಿ ಪೇಪರ್ ಅಂಗಡಿಯ ತಕ್ಕಡಿಗೆ ನೇತುಹಾಕಿ ತೂಗಿಸಿದೆ. 16 ಕಿಲೋ 400 ಗ್ರಾಂ. "ಪೇಪರ್ ಆಗಿದ್ರೆ ಒಳ್ಳೆ ರೇಟ್ ಬರ್ತಿತ್ತು ಮೇಡಂ" ಅಂದ ಅಂಗಡಿಯವನು. ನಾಲ್ಕು ತಿಂಗಳಿಗೆ ಇಷ್ಟಾದರೂ ಬೇಡವಾ ಅಂತ ನಾನು ಅಂದುಕೊಂಡೆ.

ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಆ ಬ್ಯಾಗಿನ ಭಾರ ಗೊತ್ತಾಗಲಿಲ್ಲ, ಸೀಟಿನ ಕೆಳಗಿತ್ತು. ಕಾಲ್ಕಾದಿಂದ ಶಿಮ್ಲಾಗೆ ಹೋಗುವ ಪುಟ್ಟ ರೈಲಿನಲ್ಲೂ ಗೊತ್ತಾಗಲಿಲ್ಲ. 1903ರಲ್ಲಿ ಶುರುವಾದ ಹಳಿ ಅದು, 96 ಕಿಲೋಮೀಟರಿಗೆ ನೂರಕ್ಕೂ ಜಾಸ್ತಿ ಸುರಂಗ, ಒಮ್ಮೆ ಕೂರಲೇಬೇಕು. ಶಿಮ್ಲಾ ಸ್ಟೇಷನ್ನಿಂದ ಮಾಲ್ ರೋಡಿನ ಕಡೆಗೆ ಏರು ಹತ್ತಿದಾಗ ಮಾತ್ರ ನಾಲಿಗೆ ಹೊರಗೆ ಬಂತು. ಎಡಗಡೆ ಪಟ್ಟಿಯ ಹೊಲಿಗೆ ಅಲ್ಲೇ ಬಿಚ್ಚಿಕೊಂಡಿತು. ಹೊಸ ಬ್ಯಾಗು ಕೊಂಡರೆ ಹೊರಡುವ ಮುಂಚೆ ಅದರೊಳಗೆ ಎರಡು ಸಣ್ಣ ಅಕ್ಕಿ ಚೀಲ ಹಾಕಿಕೊಂಡು ಮೂರು ದಿನ ಏರಿಯಾ ಪಾರ್ಕಿನಲ್ಲಿ ಸುತ್ತಿ. ಜನ ನೋಡುತ್ತಾರೆ, ನೋಡಲಿ.

ಶಿಮ್ಲಾದಿಂದ ಕಿನ್ನೌರ್ ಜಿಲ್ಲೆಯ ಕೇಂದ್ರ ರೆಕಾಂಗ್ ಪಿಯೋಗೆ ಸರ್ಕಾರಿ ಬಸ್ಸಿದೆ, ಒಂದಿಡೀ ದಿನದ ಹಾದಿ. ಪಿಯೋ ಮೇಲಿನ ಕಲ್ಪಾ ಹಳ್ಳಿಯಲ್ಲಿ ಹತ್ತು ದಿನ ಇದ್ದೆ. ಕಿಟಕಿ ತೆಗೆದರೆ ಎದುರಿಗೆ ಕಿನ್ನರ ಕೈಲಾಸ ಪರ್ವತ. ಆರನೆಯ ದಿನ ಮಳೆ ಹಿಡಿಯಿತು, ಹೊರಗೆ ಹೋಗುವಂತಿರಲಿಲ್ಲ. ಸುಮ್ನೆ ಬ್ಯಾಗು ಬೋರಲು ಹಾಕಿ ಮಂಚದ ಮೇಲೆಲ್ಲ ಹರಡಿದೆ. ಮನೆ ಬಿಟ್ಟ ಮೇಲೆ ಒಮ್ಮೆಯೂ ಮುಟ್ಟದ್ದನ್ನೆಲ್ಲ ಒಂದು ಪಕ್ಕಕ್ಕೆ ಎತ್ತಿಟ್ಟೆ. ಎರಡು ಜೀನ್ಸು, ಎರಡನೆಯ ಸ್ವೆಟರು, ಮೂರು ದಪ್ಪ ಪುಸ್ತಕ, ಹೇರ್ ಡ್ರೈಯರ್ (ನಗಬೇಡಿ), ನಾಲ್ಕು ಕುರ್ತಾ, ಸ್ಟೀಲ್ ಡಬ್ಬಿ, ಅರ್ಧ ಕಿಲೋ ತೂಗುವ ಟರ್ಕಿ ಟವೆಲ್ಲು. ಆ ಗುಡ್ಡೆ ಉಳಿದ ಗುಡ್ಡೆಗಿಂತ ತುಸುವೇ ಚಿಕ್ಕದಿತ್ತು.

ಮರುದಿನ ಅದನ್ನೆಲ್ಲ ಪಿಯೋ ಅಂಚೆ ಕಚೇರಿಗೆ ಹೊತ್ತೊಯ್ದೆ. ಬಟ್ಟೆ ಸುತ್ತಿ ಹೊಲಿದು ತಾ ಅಂದರು. ಬಜಾರಿನ ದರ್ಜಿಯೊಬ್ಬರು ಬಿಳಿ ಬಟ್ಟೆ ಕತ್ತರಿಸಿ, ಮೂರು ಬದಿ ಮಿಷನ್ನಿನಲ್ಲಿ ಹೊಡೆದು, ಸಾಮಾನು ತುರುಕಿ, ಬಾಯಿಯನ್ನು ದಬ್ಬಣದಲ್ಲಿ ಕೈಯಲ್ಲೇ ಹೊಲಿದರು. ಪ್ರತಿ ಹೊಲಿಗೆಗೂ ಮಂಡಿಯಿಂದ ಗಂಟನ್ನು ಒತ್ತಿ ಹಿಡಿಯುತ್ತಿದ್ದರು. ವಿಳಾಸ ಬರೆಯಲು ಮಾರ್ಕರ್ ಅವರ ಹತ್ತಿರವೇ ಇತ್ತು, ನನ್ನಂಥವರು ಬಹಳ ಜನ ಬರುತ್ತಾರೇನೋ. 7 ಕಿಲೋ ಚಿಲ್ಲರೆ ತೂಗಿತು. ಎರಡು ವಾರದ ಮೇಲೆ ಅಮ್ಮನ ಫೋನು. "ಏನೇ ಇದು, ಅಷ್ಟು ದೂರದಿಂದ ಹಳೇ ಬಟ್ಟೆ ಕಳಿಸಿದೀಯ? ನಾನು ಶಾಲು ಅಂದ್ಕೊಂಡೆ!"

ಬೆನ್ನಿಗೆ ಉಳಿದದ್ದು ಒಂಬತ್ತು ಕಿಲೋ. ಆಮೇಲೆ ಮೂರೂವರೆ ತಿಂಗಳು ಅದರಲ್ಲೇ ನಡೆಯಿತು. ಎರಡು ಪ್ಯಾಂಟು, ಮೂರು ಟೀ ಶರ್ಟು, ಒಂದು ಜೊತೆ ಥರ್ಮಲ್ಲು, ಒಂದು ಫ್ಲೀಸು, ಮುಷ್ಟಿಯಷ್ಟಾಗುವ ಡೌನ್ ಜಾಕೆಟ್ಟು, ಒಂದು ಮಳೆ ಕೋಟು, ನಾಲ್ಕು ಜೊತೆ ಉಣ್ಣೆ ಸಾಕ್ಸು. ಒಳ ಉಡುಪು ಆರು ದಿನಕ್ಕಾಗುವಷ್ಟು. ಲೆಕ್ಕ ಇಷ್ಟೇ: ತಿರುಗುವುದು ನಾಲ್ಕು ತಿಂಗಳಾಗಲಿ ವರ್ಷವಾಗಲಿ, ಬಟ್ಟೆ ಆರು ದಿನಕ್ಕಾದರೆ ಸಾಕು, ಉಳಿದದ್ದು ಬಾರ್ ಸೋಪು ನೋಡಿಕೊಳ್ಳುತ್ತದೆ. ಈ ಅಳತೆಗೆ 40 ಲೀಟರಿನ ಬ್ಯಾಗು ಧಾರಾಳ. ಬಟ್ಟೆ ವಿಂಗಡಿಸಲು ಸಣ್ಣ ಚೀಲಗಳನ್ನು ಮಾರುತ್ತಾರೆ, ಬೆಲೆ ಕೇಳಿ ಬೇಡ ಅಂದೆ. ಹಳೇ ದಿಂಬಿನ ಕವರು ಎರಡು ಸಾಕು, ರಾತ್ರಿ ಅದೇ ದಿಂಬು ಕೂಡ.

ಇಡೀ ಬ್ಯಾಗಿನಲ್ಲಿ ಜಾಸ್ತಿ ದುಡಿದದ್ದು ಅಪ್ಪನ ಹಳೇ ಹತ್ತಿ ಪಂಚೆ. ಟವೆಲ್ಲು ಅದೇ. ಡಾರ್ಮಿಟರಿಯಲ್ಲಿ ಕೆಳಗಿನ ಮಂಚ ಸಿಕ್ಕರೆ ಮೇಲಿನ ಹಾಸಿಗೆಗೆ ಸಿಕ್ಕಿಸಿ ಇಳಿಬಿಟ್ಟರೆ ಪರದೆ. ಬಸ್ಸಿನಲ್ಲಿ ಧೂಳು ಬಂದಾಗ ಮುಖಕ್ಕೆ. ಸ್ಪಿತಿಯ ಒಣ ಗಾಳಿಗೆ ಒಂದೇ ಗಂಟೆಯಲ್ಲಿ ಒಣಗುತ್ತಿತ್ತು. ದುಬಾರಿ ಟ್ರಾವೆಲ್ ಟವೆಲ್ಲು ತಂದಿದ್ದ ಹುಡುಗಿಯೊಬ್ಬಳು ಇದು ಎಲ್ಲಿ ಸಿಗುತ್ತೆ ಅಂತ ಕೇಳಿದಳು.

ಇನ್ನು ದಾರಿ. ಸ್ಪಿತಿಗೆ ಶಿಮ್ಲಾ ಕಡೆಯಿಂದ ಹತ್ತಿ, ಮನಾಲಿ ಕಡೆಯಿಂದ ಇಳಿಯಿರಿ. ಕಲ್ಪಾ 3,000 ಮೀಟರಿಗೆ ತುಸು ಕಡಿಮೆ, ತಾಬೋ ಸುಮಾರು 3,300, ಸ್ಪಿತಿಯ ಮುಖ್ಯ ಊರು ಕಾಜಾ ಅದಕ್ಕೂ ಮೇಲೆ. ಮೆಟ್ಟಿಲು ಹತ್ತಿದ ಹಾಗೆ ಮೈ ಒಗ್ಗಿಕೊಳ್ಳುತ್ತದೆ. ಮನಾಲಿಯಿಂದ ನೇರವಾಗಿ 4,500 ಮೀಟರ್ ದಾಟಿದ ಕುಂಜುಮ್ ಪಾಸ್ ಹತ್ತಿ ಬಂದವರು ಕಾಜಾದಲ್ಲಿ ತಲೆ ಹಿಡಿದು ಕೂತಿದ್ದನ್ನು ಬೇಕಾದಷ್ಟು ನೋಡಿದೆ. ಆ ಪಾಸ್ ತೆರೆಯುವುದೂ ಸಾಮಾನ್ಯವಾಗಿ ಜೂನ್ ಹೊತ್ತಿಗೆ. ತಲೆನೋವಿನ ಜೊತೆ ವಾಂತಿ, ತೂರಾಟ ಶುರುವಾದರೆ ಮಾತ್ರೆ ನುಂಗಿ ಕಾಯಬೇಡಿ, ಕೆಳಗಿಳಿಯಿರಿ. ಎತ್ತರಕ್ಕೆ ಮೈ ಒಗ್ಗಲು ನುಂಗುವ ಡಯಾಮಾಕ್ಸ್ ಮಾತ್ರೆ ಬೇಕೋ ಬೇಡವೋ ಅನ್ನುವುದನ್ನು ಹೊರಡುವ ಮುಂಚೆಯೇ ಡಾಕ್ಟರ್ ಹತ್ತಿರ ಕೇಳಿ, ಸಲ್ಫಾ ಅಲರ್ಜಿ ಇದ್ದರಂತೂ ಖಂಡಿತ ಹೇಳಿ. ಈ ದಾರಿಗೆ ನಮಗೆ, ಅಂದರೆ ಭಾರತೀಯರಿಗೆ, ಪರ್ಮಿಟ್ ಬೇಡ. ಆಧಾರ್ ಮಾತ್ರ ಒರಿಜಿನಲ್ ಇರಲಿ.

ಪಿಯೋದಿಂದ ಕಾಜಾ ಕಡೆಗೆ ಬೆಳಿಗ್ಗೆ ಬಸ್ಸು. ಟಿಕೆಟ್ ಕೊಳ್ಳಲು ಬೇಗ ಹೋಗಿ ಸಾಲಿನಲ್ಲಿ ನಿಲ್ಲಿ. ಬಲಗಡೆ ಸೀಟೋ ಎಡಗಡೆ ಸೀಟೋ ಅಂತ ತಲೆ ಕೆಡಿಸಿಕೊಳ್ಳಬೇಡಿ, ಕಂದಕ ಎರಡೂ ಕಡೆ ಬರುತ್ತದೆ. ಬ್ಯಾಗು ಬಸ್ಸಿನ ಟಾಪಿಗೆ ಹಾಕಿದರೆ ಹಿಟ್ಟಿನ ಗಿರಣಿಯಲ್ಲಿ ಅದ್ದಿ ತೆಗೆದ ಹಾಗೆ ಇಳಿಯುತ್ತದೆ. ಮಳೆ ಕವರು ಇದ್ದರೂ ಒಳಗೆ ಒಂದು ದಪ್ಪ ಕಸದ ಚೀಲ ಹಾಕಿ ಅದರಲ್ಲೇ ಬಟ್ಟೆ ತುಂಬಿ. 40 ಲೀಟರಿನದಾದರೆ ತೊಡೆಯ ಮೇಲೇ ಕೂರುತ್ತದೆ, ಅದು ಇನ್ನೂ ಒಳ್ಳೆಯದು.

ತಾಬೋದಲ್ಲಿ ಮೂರು ದಿನ ಅಂತ ಹೋದವಳು ಹದಿನೇಳು ದಿನ ಉಳಿದೆ. 996ರಲ್ಲಿ ಕಟ್ಟಿದ ಮಣ್ಣಿನ ವಿಹಾರವಿದೆ ಅಲ್ಲಿ. ಹೊರಗಿನಿಂದ ನಮ್ಮ ಕಡೆಯ ಮಣ್ಣಿನ ಮನೆಯಷ್ಟೇ ಸಾದಾ. ಒಳಗೆ ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಗೋಡೆ ತುಂಬಾ ಚಿತ್ರಗಳು ಒಂದೊಂದಾಗಿ ಎದ್ದು ಬರುತ್ತವೆ. ಹೋಮ್‌ಸ್ಟೇನಲ್ಲಿ ಎರಡು ಊಟ ಸೇರಿ ದಿನಕ್ಕೆ 1,200 ಅಂದರು. ಎರಡು ವಾರ ಇರುತ್ತೇನೆ ಅಂದದ್ದಕ್ಕೆ 900ಕ್ಕೆ ಬಂದರು. ಕಡಿಮೆ ಖರ್ಚಿನ ಗುಟ್ಟು ಇದೇ, ಒಂದು ಊರಿನಲ್ಲಿ ಜಾಸ್ತಿ ದಿನ ಇರುವುದು. ದುಡ್ಡು ಕರಗುವುದು ಬಸ್ಸು, ಜೀಪು, ಹೊಸ ಊರಿನ ಮೊದಲ ದಿನದಲ್ಲಿ. ಮೈಗೂ ಸುಸ್ತು.

ಐದನೇ ದಿನದ ಹೊತ್ತಿಗೆ ಥುಕ್ಪಾ (ಅಲ್ಲಿನ ನೂಡಲ್ಸ್ ಸೂಪು), ರಾಜ್ಮಾ ಸಾಕಾಗಿತ್ತು. ಅಮ್ಮ ಕಟ್ಟಿಕೊಟ್ಟ ಸಾರಿನ ಪುಡಿ 200 ಗ್ರಾಂ ಬ್ಯಾಗಿನಲ್ಲಿತ್ತು, ಪಾರ್ಸೆಲ್‌ಗೆ ಹಾಕಿರಲಿಲ್ಲ ಪುಣ್ಯಕ್ಕೆ. ಹೋಮ್‌ಸ್ಟೇ ನಡೆಸುವ ದೀದಿ ಅಡುಗೆಮನೆ ಬಿಟ್ಟುಕೊಟ್ಟರು. ಪಾತ್ರೆಯಲ್ಲಿ ಬೇಳೆ ಇಟ್ಟು ಮುಕ್ಕಾಲು ಗಂಟೆ ಕಾದೆ, ಕಲ್ಲಿನ ಹಾಗೇ ಇತ್ತು. ದೀದಿ ನಕ್ಕು ಕುಕ್ಕರ್ ಮುಂದಿಟ್ಟರು. ಆ ಎತ್ತರದಲ್ಲಿ ನೀರು 90 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ. ಹುಣಸೆಹಣ್ಣು ಇರಲಿಲ್ಲ, ಟೊಮೆಟೊ ಹಿಂಡಿದೆ. ದೀದಿ ಒಂದು ಲೋಟ ಕುಡಿದು "ನೆಗಡಿ ಔಷಧಿಯಾ?" ಅಂತ ಕೇಳಿದರು. ಆಮೇಲೆ ನಿಜವಾಗಿ ನೆಗಡಿಯಾದಾಗ ತಾವೇ ಮಾಡಿಸಿಕೊಂಡರು. ತಿರುಗುವಾಗ ತಿನ್ನುವ ಸಾಮಾನು ಹೊರಬೇಡಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಹೇಳುವುದಿಲ್ಲ. ಸಾರಿನ ಪುಡಿ, ಚಟ್ನಿಪುಡಿ ಎರಡಕ್ಕೆ ಜಾಗ ಮಾಡಿ.

ಕ್ಯಾಷ್ ಇಟ್ಟುಕೊಳ್ಳಿ. ಒಂದು ಕಡೆ ಎಟಿಎಂ ಮೂರು ದಿನ ಖಾಲಿ ಇತ್ತು. ನೆಟ್‌ವರ್ಕ್ ಹೋದರೆ ಯುಪಿಐ ಕೂಡ ಹೋಯಿತು. ಅಂಗಡಿಯಲ್ಲಿ ಸಾಲ ಬರೆಸಿ ಬಿಸ್ಕೆಟ್ ತಿಂದೆ. ಆಮೇಲೆ ಹತ್ತು ಸಾವಿರ ರೂಪಾಯಿ ಯಾವಾಗಲೂ ಬಟ್ಟೆಯ ಮಡಿಕೆಯಲ್ಲಿರುತ್ತಿತ್ತು. ಹೆಣ್ಣುಮಕ್ಕಳಿಗೊಂದು ಮಾತು: ಪ್ಯಾಡು ಹಳ್ಳಿಗಳಲ್ಲಿ ಸಿಗದೇ ಹೋಗಬಹುದು, ಸಿಕ್ಕರೂ ಬಿಸಾಡಲು ಜಾಗವಿಲ್ಲ. ಮುಟ್ಟಿನ ಕಪ್ ಬಳಸುವವರಿಗೆ ಸಲೀಸು, ಆದರೆ ಮನೆಯಲ್ಲೇ ಎರಡು ಮೂರು ತಿಂಗಳು ಅಭ್ಯಾಸ ಮಾಡಿಕೊಂಡು ಹೊರಡಿ.

ಜುಲೈನಲ್ಲಿ ಕುಂಜುಮ್ ದಾಟಿ ಮನಾಲಿ, ಅಲ್ಲಿಂದ ಅಟಲ್ ಸುರಂಗದ ಮೂಲಕ ಕೇಲಾಂಗ್, ಆಮೇಲೆ ಲೇಹ್. ಈ ಭಾಗದ ಬಗ್ಗೆ ಎಲ್ಲರೂ ಬರೆದಿದ್ದಾರೆ, ಎರಡೇ ಮಾತು ಹೇಳುತ್ತೇನೆ. ನಮ್ಮ ಪ್ರೀಪೇಯ್ಡ್ ಸಿಮ್ ಲಡಾಖ್, ಕಾಶ್ಮೀರದಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ನಡೆಯುತ್ತದೆ. ಹೊರಡುವ ಮುಂಚೆಯೇ ಬದಲಾಯಿಸಿಕೊಳ್ಳಿ, ದಾರಿಯಲ್ಲಿ ಒದ್ದಾಡಬೇಡಿ. ಎರಡನೆಯದು, ಲೇಹ್‌ನಲ್ಲಿ ದಪ್ಪ ಜಾಕೆಟ್ಟು, ಬೂಟು ಬಾಡಿಗೆಗೆ ಸಿಗುತ್ತವೆ. ಎರಡು ದಿನದ ಚಳಿಗೆ ಮೂರು ಕಿಲೋ ಹೊತ್ತು ತರಬೇಡಿ.

ವಾಪಸ್ ಬರುವಾಗ ಅಮೃತಸರದಲ್ಲಿ ಇಳಿದೆ. ಸ್ವರ್ಣ ಮಂದಿರದಲ್ಲಿ ಯಾತ್ರಿಗಳಿಗೆ ಉಳಿಯಲು ಜಾಗವಿದೆ, ಊಟಕ್ಕೆ ಲಂಗರ್ ಹಗಲೂ ರಾತ್ರಿ. ತಲೆ ಮುಚ್ಚಿಕೊಳ್ಳಲು ಪಂಚೆಯೇ ಆಯಿತು. ದೆಹಲಿಯಲ್ಲಿ ರೈಲಿಗೆ ಇನ್ನೂ ಒಂಬತ್ತು ಗಂಟೆ ಇತ್ತು, ಬ್ಯಾಗು ಕ್ಲೋಕ್ ರೂಮಿನಲ್ಲಿಡಲು ಹೋದೆ. ಬೀಗ ಇಲ್ಲದ ಬ್ಯಾಗು ತೆಗೆದುಕೊಳ್ಳುವುದಿಲ್ಲ ಅಂದರು. ಸ್ಟೇಷನ್ ಹೊರಗೆ ಬೀಗ ಮಾರುವವನಿದ್ದ, ದುಪ್ಪಟ್ಟು ರೇಟು. ನೀವು ಜಿಪ್ಪಿಗೆ ಸಿಕ್ಕಿಸುವ ಎರಡು ಪುಟ್ಟ ಬೀಗ ಊರಿನಿಂದಲೇ ತನ್ನಿ. ಬರುವ ಟಿಕೆಟ್ಟನ್ನು ಲೇಹ್‌ನಲ್ಲಿದ್ದಾಗಲೇ ಮಾಡಿಸಿದ್ದೆ. 60 ದಿನ ಮುಂಚೆ ಬುಕಿಂಗ್ ತೆರೆಯುತ್ತದೆ, ವಾಪಸ್ ಯಾವಾಗ ಅನ್ನುವುದನ್ನು ಅಷ್ಟರೊಳಗೆ ನಿರ್ಧರಿಸಿಕೊಳ್ಳಿ. ನನಗೆ ಆ ಟಿಕೆಟ್ ಒತ್ತಲು ಮೂರು ದಿನ ಹಿಡಿಯಿತು.