ಹಿಮನದಿಯ ರಾತ್ರಿ ಬಿರುಕುಗಳು: ಎಣಿಸುವ ಮೊದಲು ಗದ್ದಲ ಅಳೆಯಿರಿ

ಹಿಮನದಿಯ ಮೇಲೆ ಜಿಯೋಫೋನ್ (ನೆಲದ ಕಂಪನ ಹಿಡಿಯುವ ಸೆನ್ಸರ್) ಇಟ್ಟು ಉಷ್ಣತೆಯ ಪರಿಣಾಮ ನೋಡುವ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಗಂಟೆಗೆ ಎಷ್ಟು ಹಿಮಕಂಪನ (ಮಂಜುಗಡ್ಡೆ ಬಿರಿದಾಗ ಏಳುವ ನಡುಕ) ಎಂಬ ಗ್ರಾಫ್. ರಾತ್ರಿ ಏರುತ್ತದೆ, ಹಗಲು ಇಳಿಯುತ್ತದೆ. ಚಳಿಗೆ ಮಂಜುಗಡ್ಡೆ ಬಿರಿಯಿತು ಎಂದು ಬರೆದುಬಿಡುವ ಆಸೆಯಾಗುತ್ತದೆ. ಆದರೆ ಹಗಲು ಕಣಿವೆಯಲ್ಲಿ ಗಾಳಿ ಬೀಸುತ್ತದೆ, ಕರಗಿದ ನೀರು ಹರಿಯುತ್ತದೆ. ರಾತ್ರಿ ಎರಡೂ ಅಡಗಿದಾಗ ಹಗಲಿನ ಗದ್ದಲದಲ್ಲಿ ಮುಳುಗಿದ್ದಂಥ ಸಣ್ಣ ಸದ್ದುಗಳೂ ದಾಖಲಾಗುತ್ತವೆ.

ಹಾಗೆಂದು ರಾತ್ರಿ ಬಿರುಕು ಸುಳ್ಳಲ್ಲ. ನೇಪಾಳದ ಟ್ರಕಾರ್ಡಿಂಗ್-ಟ್ರಂಬಾವ್ ಹಿಮನದಿಯಲ್ಲಿ ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದ ಎವ್ಗೆನಿ ಪೊಡೊಲ್ಸ್ಕಿ ಅವರ ತಂಡ ಇದನ್ನು ದಾಖಲಿಸಿ 2018ರಲ್ಲಿ ಪ್ರಕಟಿಸಿತು. ಕಲ್ಲುಮಣ್ಣು ಹೊದ್ದ ಕಡೆ ಮಂಜುಗಡ್ಡೆಗೆ ಚಳಿ ತಾಗುವುದಿಲ್ಲ, ಬರಿದಾಗಿ ಕಾಣುವ ಕಡೆ ಬಿರಿಯುತ್ತದೆ.

ಕಾರಣ ಸರಳ. ಉಷ್ಣತೆ 1 ಡಿಗ್ರಿ ಇಳಿದರೆ ಮಂಜುಗಡ್ಡೆ ಮೀಟರಿಗೆ ಸುಮಾರು 0.05 ಮಿ.ಮೀ. ಕುಗ್ಗಬೇಕು, ಆದರೆ ಮೇಲ್ಪದರವನ್ನು ಕೆಳಗಿನ ದಪ್ಪ ಗಡ್ಡೆ ಹಿಡಿದುಕೊಂಡಿರುತ್ತದೆ. ಬೇಗನೆ 10 ಡಿಗ್ರಿ ಇಳಿದರೆ ಲೆಕ್ಕದ ಪ್ರಕಾರ 4 ಮೆಗಾಪ್ಯಾಸ್ಕಲ್‌ಗೂ ಮೀರಿದ ಎಳೆತ (ಮೆಗಾಪ್ಯಾಸ್ಕಲ್ ಎಂದರೆ ಎಳೆತ ಅಳೆಯುವ ಮಾನ). ಮಂಜುಗಡ್ಡೆ ತಾಳುವುದು ಸುಮಾರು 1 ಮೆಗಾಪ್ಯಾಸ್ಕಲ್. ಹಗಲು-ರಾತ್ರಿಯ ಏರಿಳಿತ 17 ಸೆಂ.ಮೀ. ಆಳಕ್ಕೆ ಹೋಗುವಷ್ಟರಲ್ಲಿ ಮೂರನೇ ಒಂದಂಶಕ್ಕೆ ಇಳಿದಿರುತ್ತದೆ. ಅದಕ್ಕೇ ಗಾಳಿಯ ಉಷ್ಣತೆಯೊಂದನ್ನೇ ನೆಚ್ಚಬೇಡಿ. ಮಂಜುಗಡ್ಡೆಯೊಳಗೆ 2, 5, 10, 20 ಸೆಂ.ಮೀ. ಆಳದಲ್ಲಿ ಥರ್ಮಿಸ್ಟರ್ (ಉಷ್ಣತೆ ಅಳೆಯುವ ಸಣ್ಣ ಸೆನ್ಸರ್) ಇಡಿ. ಬಿರುಕನ್ನು ಹೋಲಿಸಬೇಕಾದದ್ದು ಉಷ್ಣತೆ ಇಳಿಯುವ ವೇಗದೊಂದಿಗೆ, ಬರೀ ಉಷ್ಣತೆಯ ಅಂಕಿಯೊಂದಿಗಲ್ಲ.

ಗದ್ದಲದ ಲೆಕ್ಕ ಹೀಗೆ: 10ರಿಂದ 100 ಹರ್ಟ್ಸ್ ನಡುವೆ ಪ್ರತಿ ಗಂಟೆಯ ಹಿನ್ನೆಲೆ ಕಂಪನದ ಮಟ್ಟ ತೆಗೆಯಿರಿ. ಅತಿ ಗದ್ದಲದ ಗಂಟೆಯಲ್ಲೂ ಕಾಣಿಸುವಷ್ಟು ದೊಡ್ಡ ಘಟನೆಗಳನ್ನು ಮಾತ್ರ ಎಣಿಸಿ. ಎಷ್ಟೋ ಘಟನೆ ಕೈಬಿಟ್ಟುಹೋಗುತ್ತವೆ, ಹೋಗಲಿ. ಇಷ್ಟಾದ ಮೇಲೂ ರಾತ್ರಿಯ ಏರಿಕೆ ಉಳಿದರೆ ಅದನ್ನು ನಂಬಬಹುದು. ಹಿನ್ನೆಲೆಗೆ ಹೋಲಿಸಿ ಘಟನೆ ಹಿಡಿಯುವ ಸಾಮಾನ್ಯ ಟ್ರಿಗರ್‌ನಿಂದ ಈ ತೀರ್ಮಾನಕ್ಕೆ ಬರಲಾಗದು. ಗದ್ದಲ ಇಳಿದರೆ ಅದರ ಹೊಸ್ತಿಲೂ ಇಳಿಯುತ್ತದೆ.

ಇನ್ನೊಂದು ಬಲೆ ನಮ್ಮದೇ ಉಪಕರಣ. ಸೂರ್ಯ ಮರೆಯಾದ ಕೂಡಲೇ ಸೋಲಾರ್ ಪ್ಯಾನೆಲ್‌ನ ಅಲ್ಯೂಮಿನಿಯಂ ಚೌಕಟ್ಟು ಕುಗ್ಗಿ ಟಿಕ್ ಎನ್ನುತ್ತದೆ, ಬಿರುಕು ಶುರುವಾಗುವ ಹೊತ್ತಿಗೇ. ಪ್ಯಾನೆಲನ್ನು ಸೆನ್ಸರ್‌ನಿಂದ 20 ಮೀಟರ್ ದೂರ ನಿಲ್ಲಿಸಿ, ಇನ್ನೊಂದು ಸೆನ್ಸರನ್ನು 20 ಮೀಟರ್ ಆಚೆಗೆ, ಬೇರೆ ದಿಕ್ಕಿನಲ್ಲಿ ಇಡಿ. ಮೇಲ್ಮೈಗುಂಟ ಸಾಗುವ ಕಂಪನದ ಅಲೆ ಮಂಜುಗಡ್ಡೆಯಲ್ಲಿ ಸೆಕೆಂಡಿಗೆ ಸುಮಾರು 1,650 ಮೀಟರ್ ಓಡುತ್ತದೆ. ಆ 20 ಮೀಟರಿಗೆ 12 ಮಿಲಿಸೆಕೆಂಡ್, ಅಂದರೆ ಸೆಕೆಂಡಿಗೆ 500 ಸಲ ಅಳೆಯುವ ದಾಖಲೆಯಲ್ಲಿ 6 ಅಳತೆ. ಯಾವ ಸೆನ್ಸರಿಗೆ ಮೊದಲು ಮುಟ್ಟಿತು, ಎಷ್ಟು ತಡವಾಗಿ ಇನ್ನೊಂದಕ್ಕೆ ಎಂಬುದನ್ನು ನೋಡಿದರೆ ಪ್ಯಾನೆಲ್ ಕಡೆಯಿಂದ ಬಂದ ಟಿಕ್‌ಗಳನ್ನು ಪಕ್ಕಕ್ಕಿಡಬಹುದು.

ಬೇಸಿಗೆಯಲ್ಲಿ ಮಂಜುಗಡ್ಡೆ ಕರಗಿ ಸೆನ್ಸರ್ ವಾಲುವುದು ಖಚಿತ. ಜಿಯೋಫೋನ್ ಹೆಚ್ಚು ವಾಲಿದರೆ ಒಳಗಿನ ಸುರುಳಿ ಸರಿಯಾಗಿ ಆಡುವುದಿಲ್ಲ. ಚಪ್ಪಟೆ ಕಲ್ಲಿನ ಮೇಲೆ ಕೂರಿಸಿ, ಬಿಳಿ ಬಟ್ಟೆ ಹೊದಿಸಿ, ಮಟ್ಟ ನೋಡಲು ಮತ್ತೆ ಮತ್ತೆ ಹೋಗಿಬನ್ನಿ. ಲಿಥಿಯಂ-ಅಯಾನ್ ಬ್ಯಾಟರಿಯನ್ನು ಸೊನ್ನೆ ಡಿಗ್ರಿ ಉಷ್ಣತೆಗಿಂತ ಕೆಳಗೆ ಚಾರ್ಜ್ ಮಾಡಬೇಡಿ, ಕೆಡುತ್ತದೆ.

ಕೊನೆಗೆ ಗಡಿಯಾರ. ಕಂಪನ ದಾಖಲಿಸುವ ಉಪಕರಣ, ಅಂದರೆ ಲಾಗರ್, ಜಿಪಿಎಸ್ ನೋಡಿ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಬರೆಯುತ್ತದೆ, ನೇಪಾಳದ ಸಮಯ ಅದಕ್ಕಿಂತ 5 ಗಂಟೆ 45 ನಿಮಿಷ ಮುಂದೆ. ಉಷ್ಣತೆಯ ಲಾಗರನ್ನು ಭಾರತದ ಸಮಯಕ್ಕೆ ಇಟ್ಟಿದ್ದರೆ 15 ನಿಮಿಷದ ವ್ಯತ್ಯಾಸ ಸದ್ದಿಲ್ಲದೆ ಸೇರುತ್ತದೆ. ಎಲ್ಲವನ್ನೂ ಯುಟಿಸಿಯಲ್ಲೇ ಇಟ್ಟು, ಚಿತ್ರ ಬಿಡಿಸುವಾಗ ಒಮ್ಮೆ ಮಾತ್ರ ಬದಲಿಸಿ.