ಹೆಣ್ಣುಮಕ್ಕಳ ಕೈಯಿಂದ ಎಲುಬಿನ ಆಪರೇಷನ್ ಆಗುತ್ತದಾ?

ವಿಜಯಪುರದಲ್ಲಿ ನಾನು ಎಲುಬು-ಕೀಲಿನ ಡಾಕ್ಟರ್, ಹೆಣ್ಣುಮಗಳು. ಪೇಷಂಟ್ ಕಡೆಯವರು, ಮದುವೆ ಮನೆಯಲ್ಲಿ ಸಿಕ್ಕವರು, ಎಂಬಿಬಿಎಸ್ ಓದುವ ಹುಡುಗಿಯರು, ಎಲ್ಲರೂ ಕೇಳುವುದು ಒಂದೇ: "ಎಲುಬು ಎಳದು ಕೂಡ್ಸಾಕ ತಾಕತ್ತು ಬೇಕಲ್ರೀ, ಹೆಣ್ಮಕ್ಕಳ ಕಡಿಂದ ಆಗ್ತೈತೇನು?"

ಆಗುತ್ತದೆ. ಬೈಕಿನಿಂದ ಬಿದ್ದು ಸೊಂಟದ ಕೀಲು ಜಾರಿದವರು ಬಂದರೆ ಮೊದಲ ಕೆಲಸ ಅನಸ್ತೇಶಿಯಾ ಡಾಕ್ಟರದ್ದು. ಸ್ನಾಯು ಬಿಗಿದಿರುವವರೆಗೆ ಪೈಲ್ವಾನ್ ಎಳೆದರೂ ಕೀಲು ಕೂಡುವುದು ಕಷ್ಟ. ಸಡಿಲಾದ ಮೇಲೆ ಒಬ್ಬರು ಸೊಂಟ ಅದುಮಿ ಹಿಡಿಯುತ್ತಾರೆ. ನಾನು ಮೊಣಕಾಲು ಮಡಚಿ, ತೊಡೆ ಮೇಲಕ್ಕೆತ್ತಿ, ನಿಧಾನಕ್ಕೆ ತಿರುಗಿಸುತ್ತೇನೆ. ಟಕ್ ಅಂತ ಒಳಗೆ ಕೂರುತ್ತದೆ. ಸುಮ್ನೆ ಬಲ ಹಾಕಿದರೆ ಎಲುಬೇ ಮುರಿಯಬಹುದು. ಇನ್ನು ಮುರಿದ ತೊಡೆಗೆ ರಾಡ್ ಹಾಕುವಾಗ ಕಾಲನ್ನು ಎಳೆದು ಹಿಡಿಯುವುದು ಫ್ರ್ಯಾಕ್ಚರ್ ಟೇಬಲ್ ಎಂಬ ಆಪರೇಷನ್ ಮೇಜು, ನಾವಲ್ಲ.

ಹಾಗಾದರೆ ಈ ವಿಭಾಗದಲ್ಲಿ ನಾವು ಇಷ್ಟು ಕಡಿಮೆ ಯಾಕೆ? ಪಿಜಿ ಸೀಟು ಆರಿಸುವಾಗ ಮನೆಯವರೂ ಪ್ರೊಫೆಸರೂ ಹೆರಿಗೆ ವಿಭಾಗದ ಕಡೆಗೇ ತಳ್ಳುತ್ತಾರೆ. ಒಳಗೆ ಬಂದವರಿಗೂ ಜಾಗ ಸಿದ್ಧವಿರುವುದಿಲ್ಲ. ಆಪರೇಷನ್ ನಡುವೆ ಎಲುಬು ತೋರಿಸುವ ಸಿ-ಆರ್ಮ್ ಎಕ್ಸ್‌ರೇ ಎದುರು ಹಾಕುವ ಸೀಸದ ಏಪ್ರನ್ ಗಂಡಸರ ಅಳತೆಯದು. ನಮಗೆ ಕಂಕುಳ ಹತ್ತಿರ ತೆರೆದೇ ಇರುತ್ತದೆ, ಎದೆಯ ಪಕ್ಕಕ್ಕೆ ಕಿರಣ ಬೀಳುತ್ತದೆ. ಬಸುರಿಯಾದರೆ ಕೆಲಸ ಬಿಡಬೇಕು ಅನ್ನುವವರೂ ಇದ್ದಾರೆ. ನಿಯಮ ಹಾಗೆ ಹೇಳುವುದಿಲ್ಲ. ಬಸುರಿ ಎಂದು ತಿಳಿಸಿದ ದಿನದಿಂದ ಹೆರಿಗೆವರೆಗೆ ಹೊಟ್ಟೆಯ ಮಗುವಿಗೆ ಬೀಳುವ ಕಿರಣ 1 ಮಿಲಿಸೀವರ್ಟ್ (ಕಿರಣದ ಅಳತೆ) ದಾಟಬಾರದು, ಅಷ್ಟೇ. ಕಿರಣ ಅಳೆಯುವ ಬ್ಯಾಡ್ಜ್ ಹಾಕಿಕೊಂಡು, ಎಕ್ಸ್‌ರೇ ಜಾಸ್ತಿ ಬೇಡದ ಕೇಸುಗಳನ್ನು ತೆಗೆದುಕೊಂಡರೆ ನಡೆಯುತ್ತದೆ.

ಪೇಷಂಟ್‌ಗಳಿಗೆ ನಾವು ಬೇಕು. ಮುಟ್ಟು ನಿಂತ ಮೇಲೆ ಎಲುಬು ಬೇಗ ಸವೆಯುತ್ತದೆ, ಸೊಂಟ ಮುರಿದು ಬರುವವರಲ್ಲಿ ಅಜ್ಜಿಯರೇ ಜಾಸ್ತಿ. ಸಿಂದಗಿ ಕಡೆಯ ಒಬ್ಬ ಅಜ್ಜಿ ಗಂಡಸರ ಮುಂದೆ ಸೀರೆ ಸರಿಸಲು ಬಿಟ್ಟಿರಲೇ ಇಲ್ಲ. "ನೀ ಬಂದ್ಯಲ್ಲ ಯವ್ವಾ, ಈಗ ನೋಡು" ಅಂತ ಮಗ್ಗುಲಾದಳು. ಬೆನ್ನಿನ ಕೆಳಗೆ ಅಂಗೈ ಅಗಲದ ಹಾಸಿಗೆ ಹುಣ್ಣು. ಮಗನಿಗೂ ಹೇಳಿರಲಿಲ್ಲ.

ಅಮೆರಿಕದಲ್ಲಿ ಪೆರಿ ಇನಿಶಿಯೇಟಿವ್ ಎಂಬ ಸಂಸ್ಥೆ 2009ರಿಂದ ಹೈಸ್ಕೂಲ್ ಹುಡುಗಿಯರ ಕೈಗೇ ಡ್ರಿಲ್ ಮತ್ತು ನಕಲಿ ಎಲುಬು ಕೊಟ್ಟು ಕಲಿಸುತ್ತಿದೆ. ನಮ್ಮ ಕಡೆ ಇಂಟರ್ನ್‌ಶಿಪ್‌ನಲ್ಲಾದರೂ ಹುಡುಗಿಯರ ಕೈಗೆ ಡ್ರಿಲ್ ಬರಬೇಕು, ಬರೀ ಕೇಸ್ ಶೀಟ್ ಅಲ್ಲ.

ನಿಮ್ಮ ಮನೆ ಹುಡುಗಿಗೆ ಈ ಸೀಟು ಸಿಕ್ಕರೆ ತಾಕತ್ತಿನ ಚಿಂತೆ ಬಿಡಿ. ಕಾಲೇಜಿಗೆ ಹೋಗಿ ಎರಡು ಮಾತು ಕೇಳಿ: ರಾತ್ರಿ ಡ್ಯೂಟಿಗೆ ಚಿಲಕ ಇರುವ ಕೋಣೆ ಇದೆಯಾ? ಅವಳ ಅಳತೆಯ ಏಪ್ರನ್ ಇದೆಯಾ?