ಆಲ್ಟೊ, 1,90,000 ಕಿ.ಮೀ.: ತಿಂಗಳಿಡೀ ಕಾಡಿದ ಒಂದು ಗೇಣು ಪೈಪು

ಸಿಕ್ಕಿಬಿತ್ತು! ನನ್ನ 2006ರ ಆಲ್ಟೊ ಕಾರು ಒಂದು ತಿಂಗಳಿಂದ ಕೂಲಂಟ್ (ಇಂಜಿನ್ ತಂಪಾಗಿಡುವ ದ್ರವ) ಕುಡಿಯುತ್ತಿತ್ತು. ಕಾರಣ ಮೊನ್ನೆ ಶುಕ್ರವಾರ ಬೆಳಿಗ್ಗೆ ಕೈಗೆ ಬಂತು.

1,90,000ದ ಸರ್ವಿಸ್ ಬಗ್ಗೆ ಜಾಸ್ತಿ ಬರೆಯಲ್ಲ. ಆಯಿಲ್, ಪ್ಲಗ್, ಟೈಮಿಂಗ್ ಬೆಲ್ಟ್, ಗೇರ್ ಆಯಿಲ್ ಎಲ್ಲ ಮುಗಿಯಿತು. ಏರ್ ಫಿಲ್ಟರ್ ಮಾತ್ರ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಬೇಗ ಬದಲಿಸುತ್ತೇನೆ. ತೋರಣಗಲ್ಲು, ಸಂಡೂರು ಕಡೆ ಅದಿರು ಲಾರಿಗಳ ಹಿಂದೆ ಓಡಾಡಿದವರಿಗೆ ಯಾಕೆ ಅಂತ ಗೊತ್ತು. ಫಿಲ್ಟರ್ ತಟ್ಟಿದರೆ ಕೆಂಪು ಧೂಳು ಕುಂಕುಮದ ಹಾಗೆ ಉದುರುತ್ತದೆ.

ಕೂಲಂಟ್ ಬದಲಿಸಿದ ಮೇಲೆ ಕಾಟ ಶುರುವಾಯಿತು. ಮೂರ್ನಾಲ್ಕು ದಿನ ಚೆನ್ನಾಗಿ ಓಡುತ್ತದೆ. ಆಮೇಲೆ ಬಳ್ಳಾರಿಯ ರಾಯಲ್ ಸರ್ಕಲ್‌ನಲ್ಲಿ ಸಿಗ್ನಲ್‌ಗೆ ನಿಂತರೆ ಸಾಕು, ಟೆಂಪರೇಚರ್ ಮುಳ್ಳು ಮೇಲಕ್ಕೆ. ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗ ಕ್ಯಾಪ್ ತೆಗೆದರೆ ರೇಡಿಯೇಟರ್‌ನಲ್ಲಿ ಅರ್ಧ ಲೀಟರ್ ಕಡಿಮೆ. ಉಕ್ಕಿದ ಕೂಲಂಟ್ ಹೋಗಿ ನಿಲ್ಲುವ ಪಕ್ಕದ ರಿಸರ್ವ್ ಟ್ಯಾಂಕ್ ಮಾತ್ರ ಫುಲ್ ಗೆರೆಗಿಂತ ಮೇಲೆ! ನೆಲದಲ್ಲಿ ಒಂದು ಹನಿಯೂ ಇಲ್ಲ.

"ಹೆಡ್ ಗ್ಯಾಸ್ಕೆಟ್ ಹೋಗೈತೆ ಸರ್, ಹೆಡ್ ಇಳಿಸಬೇಕು" ಅಂದರು ಮೇಸ್ತ್ರಿ. ಇಂಜಿನ್ ಬ್ಲಾಕಿಗೂ ಮೇಲಿನ ಹೆಡ್‌ಗೂ ನಡುವಿನ ಆ ಸೀಲು ಹೋದರೆ ಗುರುತು ಕಾಣಬೇಕಲ್ಲ, ನನ್ನ ಮನಸ್ಸು ಒಪ್ಪಲಿಲ್ಲ. ಆಯಿಲ್ ಕ್ಯಾಪ್ ಒಳಗೆ ಕೆನೆಯಂಥದ್ದು ಕಟ್ಟಿರಲಿಲ್ಲ. ರೇಡಿಯೇಟರ್ ಬಾಯಲ್ಲಿ ಗುಳ್ಳೆ ಏಳುತ್ತಿರಲಿಲ್ಲ. ಬಿಳಿ ಹೊಗೆಯೂ ಇಲ್ಲ.

ಮುಂದಿನ ಅನುಮಾನ ರೇಡಿಯೇಟರ್ ಕ್ಯಾಪ್ ಮೇಲೆ. ಅದು 0.9 ಬಾರ್ ಒತ್ತಡ ಹಿಡಿದಿಟ್ಟರೆ ಬರೀ ನೀರು ಕೂಡ ಸುಮಾರು 118 ಡಿಗ್ರಿವರೆಗೆ ಕುದಿಯಲ್ಲ. ಸ್ಪ್ರಿಂಗ್ ಸಡಿಲವಾದರೆ ಆ ಲಾಭ ಹೋಯಿತು. ಆನ್‌ಲೈನ್‌ನಲ್ಲಿ 0.9 ಕೇಳಿದರೆ 1.1 ಕಳಿಸಿದರು. "ಎಲ್ಲಾ ಒಂದೇ, ಹಾಕಿಕೊಳ್ಳಿ" ಅಂತ ಉತ್ತರ ಬೇರೆ! ಒಂದೇ ಹೇಗಾಗುತ್ತದೆ? ಹಳೇ ರೇಡಿಯೇಟರ್‌ನ ಪ್ಲಾಸ್ಟಿಕ್ ಟ್ಯಾಂಕ್ ಬಿರಿದರೆ ಯಾರು ಕೊಡುತ್ತಾರೆ? ವಾಪಸ್ ಕಳಿಸಲು ಹತ್ತು ದಿನ ಹೋಯಿತು. ಕೊನೆಗೆ ಕೌಲ್ ಬಜಾರ್‌ನಲ್ಲಿ ಸರಿಯಾದದ್ದು ಸಿಕ್ಕಿತು. ಹಾಕಿದೆ. ಕಾಟ ಹಾಗೇ ಇತ್ತು.

ಆ ಹತ್ತು ದಿನದಲ್ಲಿ ಮುಂದಿನ ಕೆಲಸ ತಲೆಗೆ ಬಂತು. ಸೀಟ್ ಕವರ್ ಹರಿದಿದೆ. ಜೀನ್ಸ್‌ಗೆ ಹೆಸರಾದ ಬಳ್ಳಾರಿಯಲ್ಲಿದ್ದು ರೆಕ್ಸಿನ್ ಯಾಕೆ, ಜೀನ್ಸ್ ಬಟ್ಟೆಯಲ್ಲೇ ಹೊಲಿಸೋಣ ಅಂತ. ದಪ್ಪ ಬಟ್ಟೆ, ಎರಡು ಸಾಲು ಹೊಲಿಗೆ, ಸೀಟಿನ ಹಿಂದೆ ಪ್ಯಾಂಟಿನದೇ ಜೇಬು. ಅಳತೆ ಆಗಲೇ ತೆಗೆದಿಟ್ಟಿದ್ದೇನೆ.

ಶುಕ್ರವಾರ ಬೆಳಿಗ್ಗೆ ಇಂಜಿನ್‌ನಿಂದ ರೇಡಿಯೇಟರ್‌ಗೆ ಬರುವ ಮೇಲಿನ ಹೋಸ್ (ರಬ್ಬರ್ ಪೈಪು) ಹಿಸುಕಿ ನೋಡುವಾಗ ಹೊಳೆಯಿತು. ಇಂಜಿನ್ ತಣ್ಣಗಾಗುವಾಗ ರೇಡಿಯೇಟರು ರಿಸರ್ವ್ ಟ್ಯಾಂಕಿನಿಂದ ಕೂಲಂಟ್ ಎಳೆದುಕೊಳ್ಳಬೇಕು. ದಾರಿ ಕಟ್ಟಿದ್ದರೆ ಹೋಸ್ ಚಪ್ಪಟೆಯಾಗಿರಬೇಕಿತ್ತು. ನನ್ನದು ದುಂಡಗಿದೆ. ಅಂದರೆ ಏನನ್ನೋ ಎಳೆಯುತ್ತಿದೆ. ಟ್ಯಾಂಕ್ ಮಟ್ಟ ಇಳಿಯುತ್ತಿಲ್ಲ. ಹಾಗಾದರೆ ಗಾಳಿಯೇ ಅಲ್ವಾ!

ಕ್ಯಾಪ್ ಕೆಳಗಿನಿಂದ ಟ್ಯಾಂಕಿಗೆ ಹೋಗುವ ಸಣ್ಣ ಪೈಪು ಬಿಚ್ಚಿದೆ. ಒಂದು ತುದಿಗೆ ಹೆಬ್ಬೆರಳು ಒತ್ತಿ ಇನ್ನೊಂದರಿಂದ ಊದಿದೆ. ಕ್ಲಿಪ್ ಕೂರುವ ಜಾಗದಲ್ಲಿ ಉಸಿರು ಕೈಗೆ ತಾಗಿತು. ಬಗ್ಗಿಸಿದರೆ ಉಗುರಿನಷ್ಟು ಉದ್ದದ ಬಿರುಕು ಬಾಯಿಬಿಟ್ಟಿತು, ಅಂಚಿಗೆ ಒಣಗಿದ ಹಸಿರು ಪುಡಿ. ಬಿಸಿಯಾದಾಗ ಕೂಲಂಟ್ ಟ್ಯಾಂಕಿಗೆ ಹೋಗುತ್ತದೆ, ತಣ್ಣಗಾದಾಗ ಬಿರುಕಿನಿಂದ ಗಾಳಿ ಬರುತ್ತದೆ. ಕೂಲಂಟ್ ಬದಲಿಸುವಾಗ ಟ್ಯಾಂಕ್ ತೊಳೆಯಲು ಈ ಪೈಪನ್ನು ನಾನೇ ಎಳೆದಿದ್ದೆ. ರಬ್ಬರ್ ಆಗಲೇ ಬಿಸ್ಕತ್ತಿನಂತಾಗಿತ್ತು, ಆವತ್ತೇ ಬಿರಿದಿರಬೇಕು.

ಅಂಗಡಿಯವರು ಮೊದಲು ಕೊಟ್ಟದ್ದು ಗ್ಲಾಸಿಗೆ ನೀರು ಚಿಮ್ಮಿಸುವ ತೆಳ್ಳಗಿನ ಪೈಪು. ಬಿಸಿಗೆ ಮೆತ್ತಗಾಗಿ ಒಳಕ್ಕೇ ಅಂಟಿಕೊಳ್ಳುತ್ತದೆ, ಬೇಡ ಅಂದೆ. ಒಳಗೆ ನೂಲು ಹೆಣೆದ ಕೂಲಂಟ್ ಹೋಸ್ ಮೂರನೇ ಅಂಗಡಿಯಲ್ಲಿ ಸಿಕ್ಕಿತು. ಅರವತ್ತು ರೂಪಾಯಿ. ಎರಡೂ ತುದಿಗೆ ಹೊಸ ಕ್ಲಿಪ್ ಹಾಕಿದೆ.

ಭಾನುವಾರ ಸಂಡೂರಿನ ಕುಮಾರಸ್ವಾಮಿ ಬೆಟ್ಟ ಹತ್ತಿಸಿದೆ. ಮೇಲೆ ಬಿಸಿಲಲ್ಲೇ ನಿಲ್ಲಿಸಿ ಇಂಜಿನ್ ಓಡಲು ಬಿಟ್ಟೆ. ಫ್ಯಾನ್ ಬಂತು, ನಿಂತಿತು, ಮತ್ತೆ ಬಂತು. ಮುಳ್ಳು ಅಲುಗಲಿಲ್ಲ. ಮನೆಗೆ ಬಂದು ಟ್ಯಾಂಕಿನ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದೆ. ಇವತ್ತು ಬೆಳಿಗ್ಗೆ ನೋಡಿದರೆ ಮಟ್ಟ ಗೆರೆಗಿಂತ ಎರಡು ಬೆರಳು ಕೆಳಗಿತ್ತು. ಕ್ಯಾಪ್ ತೆಗೆದೆ. ರೇಡಿಯೇಟರ್ ಬಾಯಿವರೆಗೂ ಹಸಿರು.